ಅಲುಗದ ಗೇರು

ಎಂಜಿನ್ ಶುರುವಾಗುತ್ತಿತ್ತು. ಗೇರಿನ ಹಿಡಿ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ.

ತಂಗಿ ಎರಡೂ ಕೈ ಹಾಕಿ ಎಳೆದಳು. ಗಾಡಿ ನಿಲ್ಲಿಸುವಾಗ ಹಾಕುವ ‘ಪಿ’ ಅಕ್ಷರದ ಮೇಲೆ ಹಿಡಿ ಬೇರು ಬಿಟ್ಟ ಹಾಗೆ ಕೂತಿತ್ತು. ಹಿಂದಿನ ಸೀಟಿನ ತುಂಬ ಅವಳ ಪೆಟ್ಟಿಗೆ, ಹಾಸಿಗೆ ಸುರುಳಿ. ದೂರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಹಾಜರಾಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು.

ಮೂಲೆಯ ಗ್ಯಾರೇಜಿನವನು ಬಂದು ಹಿಡಿ ಎಳೆದು ನೋಡಿದ. “ಗೇರ್‌ಬಾಕ್ಸೇ ಹೋದಂಗಿದೆ. ಆಟೋಮ್ಯಾಟಿಕ್ ನನ್ನ ಕೈಲಾಗಲ್ಲ, ಗೇರಕ್ಕನ್ನ ಕರೆಸಿ.”

ಗೇರಕ್ಕ ಬಂದಳು. ಆಟೋಮ್ಯಾಟಿಕ್ ಗಾಡಿಗಳ ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಅವಳ ನಿಜವಾದ ಹೆಸರು ಊರಿಗೆ ಮರೆತುಹೋಗಿತ್ತು. ಮನೆಯಲ್ಲಿ ಕೂಗಿ ಕರೆಯುವವರು ಯಾರೂ ಇಲ್ಲದ್ದರಿಂದ ಅವಳಿಗೂ ಹೆಚ್ಚುಕಡಿಮೆ ಮರೆತಂತೆಯೇ.

“ಕೊನೇಸಲ ಓಡಿಸಿದ್ದು ಯಾವಾಗ?”

“ನಿನ್ನೆ ಸಂಜೆ. ಪೆಟ್ರೋಲ್ ಹಾಕಿಸ್ಕೊಂಡು ಬಂದೆ,” ಎಂದಳು ತಂಗಿ.

“ಗೇರ್ ಬೀಳುವಾಗ ತಡ ಆಯ್ತಾ? ಜಗ್ಗಿತಾ? ಎಂಜಿನ್ ಕೂಗಾಡಿ ಗಾಡಿ ಮುಂದೆ ಹೋಗದೇ ಇದ್ದದ್ದು?”

“ಏನೂ ಇಲ್ಲ. ಬೆಣ್ಣೆ ಥರ ಬಂತು.”

ಗೇರಕ್ಕ ಬಾನೆಟ್ ಎತ್ತಿ ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದಳು. ಎಣ್ಣೆ ಕೆಂಪಗೆ ತಿಳಿಯಾಗಿತ್ತು. ಮೂಸಿದಳು — ಸುಟ್ಟ ವಾಸನೆ ಇಲ್ಲ. ಒಳಗೆ ಸವೆದಿದ್ದರೆ ಎಣ್ಣೆ ಕಪ್ಪಾಗಬೇಕಿತ್ತು. ಮುಪ್ಪಿನ ಗೇರ್‌ಬಾಕ್ಸ್ ನರಳದೆ ಸಾಯುವುದಿಲ್ಲ. ಇದು ನರಳಿಯೇ ಇಲ್ಲವಲ್ಲ?

ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಹಳೇ ಕಾರಿನ ವ್ಯಾಪಾರಿ ಇಣುಕಿದ.

“ಆಗ್ಲಿಲ್ಲ ಅಂದ್ರೆ ನನಗೇ ಕೊಟ್ಬಿಡಿ. ಎಷ್ಟು ದಿನದಿಂದ ಕೇಳ್ತಿದ್ದೀನಿ.”

“ನಿನ್ನೆ ಸಂಜೆ ಈ ಗಾಡಿ ನೋಡಿದ್ರಾ?” ಎಂದಳು ಗೇರಕ್ಕ.

“ನೋಡದೆ ಏನು? ಹಿಂದಕ್ಕೆ ತಗೊಂಡು ನಿಲ್ಲಿಸುವಾಗ ಬ್ರೇಕಿನ ದೀಪ ನನ್ನ ಕಣ್ಣಿಗೇ ಹೊಡೀತು.”

ಗೇರಕ್ಕ ತಂಗಿಯತ್ತ ತಿರುಗಿದಳು. “ಗಾಡಿಯ ಇನ್ನೊಂದು ಬೀಗದ ಕೈ ಎಲ್ಲಿರುತ್ತೆ?”

ತಂಗಿ ವರಾಂಡದ ಮೊಳೆ ತೋರಿಸಿದಳು. ವರಾಂಡಕ್ಕೆ ಬಾಗಿಲಿರಲಿಲ್ಲ. ಯಾರು ಬೇಕಾದರೂ ಕೈ ಹಾಕಬಹುದಿತ್ತು.

“ಬೆಳಿಗ್ಗೆ ಮೊದಲು ಗಾಡಿ ಹತ್ತಿದ್ದು?”

“ಅಣ್ಣ. ದಿನಾ ಎಂಜಿನ್ ಬಿಸಿ ಮಾಡೋನು ಅವನೇ. ಹಾರ್ನ್ ಹೊಡೆದ್ರೆ ನಾನು ಮಹಡಿ ಇಳಿದು ಬರ್ತೀನಿ. ಇವತ್ತು ಪಾಪ, ಮಂಡಿನೋವು ಇಟ್ಕೊಂಡು ಮೇಲಕ್ಕೇ ಬಂದು ಬಾಗಿಲು ತಟ್ಟಿದ. ಹೊರಡೋ ದಿನ ಅಲ್ವಾ.”

ಅಣ್ಣ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮದುವೆಯಾಗದೆ ಉಳಿದವನು. ತಂದೆ ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವನು. ಗಾಡಿ ಅವರ ತಂದೆಯದು.

“ಹೋಗ್ಲಿ ಬಿಡಮ್ಮ,” ಎಂದ, ತಲೆ ಎತ್ತದೆ. “ಈ ಕೆಲಸ ಅಲ್ದಿದ್ರೆ ಇನ್ನೊಂದು.”

ಗೇರಕ್ಕ ಮತ್ತೆ ಗಾಡಿಯೊಳಗೆ ಕೂತು ಎಂಜಿನ್ ಶುರು ಮಾಡಿದಳು. ಬ್ರೇಕ್ ತುಳಿದು ಕನ್ನಡಿಯಲ್ಲಿ ಹಿಂದೆ ನೋಡಿದಳು. ಶೆಡ್ಡಿನ ಕತ್ತಲೆಯಲ್ಲಿ ಹಿಂದಿನ ಗೋಡೆ ಬೆಳಗಲಿಲ್ಲ. ಮತ್ತೆ ತುಳಿದಳು. ಇಲ್ಲ. ಹಾರ್ನ್ ಒತ್ತಿದಳು. ಅದೂ ಮೂಕ.

ಹಿಡಿಯ ಪಕ್ಕದ ಪುಟ್ಟ ಮುಚ್ಚಳ ತೆಗೆದು, ಒಳಗಿದ್ದ ಲಾಕ್ ಬಿಡಿಸುವ ಗುಂಡಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಳು. ಹಿಡಿ ಸರಾಗವಾಗಿ ಜಾರಿತು. ಗಾಡಿ ಮೆಲ್ಲಗೆ ಒಂದು ಮಾರು ಮುಂದೆ ಬಂತು.

“ಹೋಯ್ತಾ ಗೇರ್‌ಬಾಕ್ಸ್?” ತಂಗಿ ಓಡಿ ಬಂದಳು.

“ಗುಂಡುಕಲ್ಲಿನ ಹಾಗಿದೆ. ಬ್ರೇಕ್ ತುಳಿದದ್ದು ಗೊತ್ತಾಗದೆ ಈ ಗಾಡಿ ‘ಪಿ’ ಬಿಡಲ್ಲ. ಆ ಸುದ್ದಿ ಮುಟ್ಟಿಸೋದು ಬ್ರೇಕ್ ದೀಪದ ತಂತಿ. ಆ ದೀಪಕ್ಕೂ ಹಾರ್ನಿಗೂ ಒಂದೇ ಫ್ಯೂಸ್.” ಸ್ಟೀರಿಂಗಿನ ಕೆಳಗಿನ ಹಲಗೆ ಸರಿಸಿದಳು. ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ ಒಂದು ಜಾಗ ಖಾಲಿ. “ಸುಟ್ಟಿದ್ರೆ ಇಲ್ಲೇ ಇರ್ತಿತ್ತು. ಯಾರೋ ಕಿತ್ತಿದ್ದಾರೆ.”

ತಂಗಿ ಗೋಡೆಯಾಚೆ ನೋಡಿದಳು. ವ್ಯಾಪಾರಿ ಎರಡೂ ಕೈ ಎತ್ತಿದ. “ನನ್ನಾಣೆ, ನಾನಲ್ಲ.”

“ಅವರಲ್ಲ,” ಎಂದಳು ಗೇರಕ್ಕ.

ಹೊಲಿಗೆ ಯಂತ್ರ ನಿಂತಿತ್ತು. ಅಣ್ಣ ಬಾಗಿಲಲ್ಲಿದ್ದ. ಹೇಳುವುದೋ ಬೇಡವೋ ಎಂದು ಗೇರಕ್ಕನಿಗೆ ಒಂದು ಗಳಿಗೆ ಅನಿಸಿತು. ಇಂಥ ಮನೆಯ ಸದ್ದಿಲ್ಲದ ಮೂಲೆಗಳು ಅವಳಿಗೆ ಅಪರಿಚಿತವಾಗಿರಲಿಲ್ಲ. ಆದರೆ ಕಾಯುತ್ತಿರುವ ಕೆಲಸ ತಂಗಿಯದು.

“ಅಣ್ಣಾವ್ರೇ, ದಿನಾ ಹಾರ್ನ್ ಹೊಡೆದು ಕರೆಯೋರು ಇವತ್ತು ಮೆಟ್ಟಿಲು ಯಾಕೆ ಹತ್ತಿದ್ರಿ? ಹಾರ್ನ್ ಆಗಲ್ಲ ಅಂತ ಒತ್ತಿ ನೋಡಿ ತಿಳ್ಕೊಂಡಿದ್ರೆ ತಂಗಿಗೆ ಹೇಳ್ತಿದ್ರಿ. ಹೇಳಲಿಲ್ಲ. ಒತ್ತೋ ಮೊದಲೇ ನಿಮಗೆ ಗೊತ್ತಿತ್ತು.”

ಅಣ್ಣ ಒಳಗೆ ಹೋಗಿ ಗುಂಡಿಗಳ ಡಬ್ಬಿ ತಂದು ಅಂಗೈ ಮೇಲೆ ಬಗ್ಗಿಸಿದ. ಅಂಗಿಯ ಗುಂಡಿಗಳ ನಡುವೆ ಚಿಕ್ಕ ಫ್ಯೂಸ್ ಉರುಳಿ ಬಂತು.

“ಅಪ್ಪನ ಗಾಡಿ. ಹಾಳು ಮಾಡೋಕೆ ಮನಸ್ಸು ಬರಲಿಲ್ಲ,” ಎಂದ. “ಒಂದು ದಿನ ತಪ್ಪಿದ್ರೆ ಸಾಕು ಅನ್ಕೊಂಡೆ.”

“ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ ಅಣ್ಣ? ಹೇಳಿದ್ರೆ ಉಳೀತಿದ್ದೆ.”

“ಉಳೀತಿದ್ದೆ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.”

ತಂಗಿ ತುಂಬ ಹೊತ್ತು ಅವನ ತೋಳು ಹಿಡಿದು ನಿಂತಳು. ಗೇರಕ್ಕ ಫ್ಯೂಸ್ ಕೂರಿಸಿದಳು. ಆಮೇಲೆ ಅಣ್ಣನೇ ಬಾಗಿಲು ತೆರೆದು ತಂಗಿಯನ್ನು ಗಾಡಿಗೆ ಹತ್ತಿಸಿದ. “ನಿಧಾನ ಹೋಗು,” ಎಂದ. ಗಾಡಿ ತಿರುವು ದಾಟಿದ ಮೇಲೂ ಗೇಟು ಹಾಕಲಿಲ್ಲ.

ಗೇರಕ್ಕ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡಳು.

“ಅಡುಗೆ...” ಎಂದ ಅಣ್ಣ, ರಸ್ತೆಯಿಂದ ಕಣ್ಣು ಕೀಳದೆ. “ಅವಳು ಹೇಗೂ ಹೋಗಲ್ಲ ಅಂತ ಮಧ್ಯಾಹ್ನಕ್ಕೂ ಇಬ್ಬರಿಗೇ ಮಾಡಿಬಿಟ್ಟಿದ್ದೀನಿ.”

ತನ್ನ ಗ್ಯಾರೇಜಿನಲ್ಲಿ ಅವಳು ನಿಂತೇ ಉಣ್ಣುತ್ತಿದ್ದಳು. ಪೆಟ್ಟಿಗೆಯನ್ನು ಕೆಳಗಿಟ್ಟು ಕೇಳಿದಳು:

“ಕೈ ತೊಳೆಯೋದು ಎಲ್ಲಿ?”