ಎಡತೋಳಿನ ಎರಡನೇ ಟ್ಯೂಬು

ವಾಲ್ಪರೈಸೊ ಬಂದರಿನ ಆ ಪ್ರಯೋಗಾಲಯಕ್ಕೆ ಯಾರೇ ಹೊಸದಾಗಿ ಸೇರಲಿ, ಮೊದಲು ಒಂದು ಟ್ಯೂಬು ರಕ್ತ ಕೊಡಬೇಕು. ಅದು ಅಲ್ಲಿಯ ಶಾಸ್ತ್ರ. ಕ್ಯಾನ್ಸರ್ ರೋಗಿಗಳ ರಕ್ತವನ್ನು ಹೋಲಿಸಿ ನೋಡಲು ಗಟ್ಟಿಮುಟ್ಟಾದವರ ರಕ್ತವೂ ಬೇಕಲ್ಲ! ಸಂಶೋಧಕಿ ಯಾಸ್ನಾ ಸೂಜಿ ಹಿಡಿದು ಕಾಯುತ್ತಿದ್ದಳು. ಹೊಸಬ ಗಾಸ್ಪಾರ್ ತೋಳು ಮಡಚಿಕೊಂಡೇ ಒಳಗೆ ಬಂದ.

“ನಾನು ಕೊಟ್ಟಾಯ್ತು. ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿದ್ನಲ್ಲ, ಅಲ್ಲೇ ನರ್ಸಮ್ಮ ತೆಗೆದ್ರು. ನಿನ್ನ ರೋಗಿಗಳ ಟ್ಯೂಬಿನ ಜೊತೇಲೇ ಡ್ರೈವರ್ ಎರ್ನಾನ್ ಮಾಮನ ವ್ಯಾನಲ್ಲಿ ಬಂತು. ನಾನೂ ಅದರಲ್ಲೇ ಬಂದೆ. ಅಬ್ಬಬ್ಬಾ, ಹಲ್ಲೆಲ್ಲ ಅಲ್ಲಾಡ್ತಿವೆ!”

“ಅಂದ್ರೆ ನನ್ನ ಸೂಜಿಗೆ ಹೆದರಿ ಅಲ್ಲಿ ಕೊಟ್ಟು ಬಂದ್ಯಾ?”

“ಸೂಜಿಗಲ್ಲ.”

“ಮತ್ಯಾವುದಕ್ಕೆ?”

ಅವನು ಬೆನ್ನು ತಿರುಗಿಸಿ ತನ್ನ ಮೇಜಿನತ್ತ ನಡೆದ. ಕಿವಿ ಮಾತ್ರ ಕೆಂಪಗಾಯಿತು. ಯಾಸ್ನಾ ಅದನ್ನು ಜಂಬವೆಂದೇ ತಿಳಿದಳು. ದಕ್ಷಿಣದ ಚಿಲೋಯೆ ದ್ವೀಪದವನು, ಸಾಲ್ಮನ್ ಮೀನಿನ ರೋಗ ಓದಿಕೊಂಡು ಬಂದವನು, ಮಾತು ತೂಗಿ ತೂಗಿ ಆಡುವವನು. ‘ಇರಲಿ, ಈ ಮೀನು ಡಾಕ್ಟರಿಗೆ ಬುದ್ಧಿ ಕಲಿಸ್ತೀನಿ’ ಎಂದುಕೊಂಡಳು.

ಬುದ್ಧಿ ಕಲಿಸುವುದು ಹಾಗಿರಲಿ, ಅವನ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಸುಸ್ತಾದಳು. ಸಂಜೆ ಎಲ್ಲರೂ ಚಹಾ ಕುಡಿಯುತ್ತ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿಕೊಳ್ಳುವ ಹೊತ್ತಿಗೆ ಅವನು ಎದುರು ಬಂದು ಕೂರುತ್ತಿದ್ದ.

“ಈ ಮೈಕ್ರೋ ಆರ್‌ಎನ್‌ಎ ಅಷ್ಟು ಪುಟ್ಟದು. ಅದಕ್ಕೆ ಇಷ್ಟು ದರ್ಬಾರು ಹೇಗೆ?”

“ಜೀವಕೋಶ ಒಂದು ಅಡುಗೆಮನೆ ಅಂದ್ಕೋ. ಇದನ್ನ ಮಾಡಿ, ಅದನ್ನ ಮಾಡಿ ಅಂತ ಚೀಟಿ ಬರ್ತಾನೇ ಇರುತ್ತೆ. ಇವಳು ಬಾಗಿಲಲ್ಲಿ ನಿಂತ ಅತ್ತೆ. ‘ಅಷ್ಟು ಸಾಕು, ಇದು ಬೇಡ’ ಅಂತ ಚೀಟಿ ಕಿತ್ಕೊಳ್ಳೋದೇ ಕೆಲಸ.”

“ಕ್ಯಾನ್ಸರ್ ಬಂದಾಗ?”

“ಬೆಳೀಬೇಡ ಅನ್ನೋ ಅತ್ತೆ ಬಾಯಿಗೆ ಬೀಗ. ಬೆಳೀಬೇಡ ಅನ್ನೋ ಚೀಟಿಯನ್ನೇ ಕಿತ್ತು ಹಾಕೋ ಇನ್ನೊಬ್ಬ ಅತ್ತೆ ಕೈ ಮೇಲು. ಮನೆ ಕೆಟ್ಟು ಕೆರ ಹಿಡಿಯುತ್ತೆ.”

ಗಾಸ್ಪಾರ್ ನಕ್ಕ. “ಸರಿ, ಮೈಯೆಲ್ಲ ಹರಡೋದು?”

ಯಾಸ್ನಾಗೆ ಇಷ್ಟವಾದ ಪ್ರಶ್ನೆ ಅದೇ. ಮುಂದಕ್ಕೆ ಬಾಗಿದಳು. “ಗಡ್ಡೆ ಇವುಗಳನ್ನ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ರಕ್ತದಲ್ಲಿ ತೇಲಿಬಿಡುತ್ತೆ. ಅವು ಮೊದಲೇ ಹೋಗಿ ಮೂಳೆಯಲ್ಲೋ ಲಿವರಲ್ಲೋ ಜಾಗ ಹದ ಮಾಡ್ತವೆ. ಗಡ್ಡೆಯ ಕಣಗಳು ಆಮೇಲೆ ಗಂಟುಮೂಟೆ ಕಟ್ಕೊಂಡು ಬರೋದು.”

“ನೆಂಟರು ಬರೋಕೆ ಮುಂಚೆ ಹಾಸಿಗೆ ಹಾಸೋಕೆ ಆಳು ಕಳಿಸಿದ ಹಾಗೆ.”

ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಇಷ್ಟು ಬೇಗ ಇದನ್ನು ಯಾರೂ ಹಿಡಿದಿರಲಿಲ್ಲ. ಅವನ ರೆಪ್ಪೆ ಇಷ್ಟು ಉದ್ದ ಎಂಬುದೂ ಅವಳಿಗೆ ಆಗಲೇ ಕಂಡದ್ದು.

ಅಂಥ ಮೂರು ಮೈಕ್ರೋ ಆರ್‌ಎನ್‌ಎಗಳನ್ನು ಯಾಸ್ನಾ ಹಿಡಿದಿದ್ದಳು. ಸ್ತನ ಕ್ಯಾನ್ಸರ್ ಹರಡಿದವರ ರಕ್ತದಲ್ಲಿ ಅವು ಮೂರೂ ಹೆಚ್ಚು, ಆರೋಗ್ಯವಂತರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಒಂದು ಟ್ಯೂಬು ರಕ್ತ ಎಲ್ಲ ಹೇಳಿಬಿಡಬಹುದು! ಎರಡು ವರ್ಷದ ಬೆವರು ಅದು. ಶುಕ್ರವಾರ ಸಾಂತಿಯಾಗೊ ನಗರದ ದೊಡ್ಡ ಸಭೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ನೆಲ್ಡಾ ಇದನ್ನು ಸಾರುವವರಿದ್ದರು. ಯಾಸ್ನಾಳ ಮುಂದಿನ ಸಂಶೋಧನಾ ವೇತನವೂ ಅದರ ಮೇಲೇ ನಿಂತಿತ್ತು.

ಮಂಗಳವಾರ ಮಧ್ಯಾಹ್ನ ಅವಳು ಕೊನೆಯ ಕಂತಿನ ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಬೇಗ ಎದ್ದಷ್ಟೂ ರಕ್ತದಲ್ಲಿ ಅವು ಹೆಚ್ಚಿವೆಯೆಂದು ಅರ್ಥ. ಎಲ್ಲಕ್ಕಿಂತ ಮೊದಲು ಎದ್ದ ಗೆರೆಯ ಸಂಖ್ಯೆಯನ್ನು ನೋಡಿ ಅವಳು ಕಣ್ಣುಜ್ಜಿಕೊಂಡಳು. ಅದು ರೋಗಿಯದ್ದಲ್ಲ. ಗಾಸ್ಪಾರನದು.

ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲೂ ಇವೇ ಮೂರು ಏರುತ್ತವೆಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. ಕಿಟಕಿಯಾಚೆ ಆ ಮನುಷ್ಯ ಬೀದಿನಾಯಿಗೆ ತನ್ನ ಎಂಪನಾಡ ಕಡುಬಿನ ಅರ್ಧ ಮುರಿದು ಹಾಕಿ, ಉಳಿದರ್ಧವನ್ನು ತಾನು ತಿನ್ನುತ್ತ ಅದರ ಜೊತೆ ಏನೋ ಹರಟುತ್ತಿದ್ದ.

‘ಸುಳ್ಳಾಗಲಿ ತಾಯೀ,’ ಎಂದಿತು ಅವಳ ಜೀವ. ‘ನನ್ನ ಕೆಲಸವೆಲ್ಲ ಸುಳ್ಳಾಗಲಿ.’ ಹಾಗಂದದ್ದು ತಾನೇನಾ ಎಂದು ಅವಳಿಗೇ ಗಾಬರಿಯಾಯಿತು. ಹೋಗಿ ಅವನ ತೋಳು ಹಿಡಿದೆಳೆದು ತಂದಳು.

“ಇನ್ನೊಂದು ಟ್ಯೂಬು ಬೇಕು.”

“ಊಟದ ಮಧ್ಯೆ ಬಂದು ರಕ್ತ ಹೀರ್ತೀಯಲ್ಲೇ ರಾಕ್ಷಸೀ!”

“ಬಾಯಿ ಮುಚ್ಚು. ಎಡತೋಳು ಚಾಚು.”

ಪಟ್ಟಿ ಬಿಗಿದು ನರ ಹುಡುಕುತ್ತಿರುವಾಗ ಅವಳ ಬೆರಳ ಕೆಳಗೆ ಅವನ ನಾಡಿ ಕುದುರೆಯಂತೆ ಓಡುತ್ತಿತ್ತು. ಅವನು ಗೋಡೆ ನೋಡುತ್ತ ಮೆಲ್ಲಗೆ ಹೇಳಿದ, “ಅವತ್ತು ನನಗೆ ಇದಕ್ಕೇ ಹೆದರಿಕೆ ಆಗಿದ್ದು. ಅದಕ್ಕೂ ಮುಂಚೆ, ಕೆಲಸ ಕೇಳೋಕೆ ಬಂದ ದಿನ ಬಾಗಿಲಲ್ಲಿ ನಿನ್ನ ನೋಡಿದಾಗ್ಲೇ ಹೀಗೆ ಓಡ್ತಿತ್ತು. ಕೈ ಹಿಡಿದ್ರೆ ನಿಂಗೆ ಗೊತ್ತಾಗಿಬಿಡ್ತಿತ್ತು.”

ಬೇರೆ ದಿನವಾಗಿದ್ದರೆ ಅವಳು ಈ ಮಾತಿಗೆ ಹತ್ತು ದಿನ ಕಾಡಿಸುತ್ತಿದ್ದಳು. ಈಗ ಕಣ್ಣು ತುಂಬಿಬಂತು.

“ಯಾಸ್ನಾ, ಏನಾಯ್ತು?”

ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದಳು. ಅವನು ತುಂಬುತ್ತಿದ್ದ ಟ್ಯೂಬನ್ನೇ ನೋಡಿದ. ಆಮೇಲೆ, “ನಿನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?” ಎಂದು ಕೇಳಿದ.

“ಇಲ್ಲ.” ಹೇಳುತ್ತ ಅವಳಿಗೆ ಅಳುವೇ ಬಂತು. “ಒಂದು ಸಲಾನೂ ಇಲ್ಲ ಕಣೋ.”

ಟ್ಯೂಬನ್ನು ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜಿನಿಂದ ಹೊರತೆಗೆದಾಗ ರಕ್ತದ ಮೇಲ್ಭಾಗದಲ್ಲಿ ತಿಳಿನೀರು ನಿಂತಿತ್ತು. ಒಣಹುಲ್ಲಿನ ಹಳದಿ. ಯಾಸ್ನಾ ಅದನ್ನು ಬೆಳಕಿಗೆ ಹಿಡಿದಳು. ಫ್ರೀಜರಿನಿಂದ ಅವನ ಮೊದಲನೆಯ ಟ್ಯೂಬಿನ ತಿಳಿಯನ್ನು ತಂದು ಕರಗಿಸಿ ಪಕ್ಕಕ್ಕೆ ಹಿಡಿದಳು. ಅದು ನಸುಗೆಂಪು.

“ನಿನ್ನ ರೋಗಿಗಳದ್ದು ಯಾವ ಬಣ್ಣ?” ಗಾಸ್ಪಾರ್ ಕೇಳಿದ.

“ನಸುಗೆಂಪು. ಬಹಳ ಜನರದ್ದು. ಔಷಧಿಯಿಂದ ಇರಬಹುದು ಅಂದ್ಕೊಂಡಿದ್ದೆ.”

“ನಾನು ಔಷಧಿ ತಗೊಂಡಿಲ್ವಲ್ಲ. ಹಾಗಾದ್ರೆ ನಾನು, ನಿನ್ನ ರೋಗಿಗಳು, ಇಬ್ರಿಗೂ ಒಂದೇ ಆಗಿರೋದು ಏನಿದೆ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎರ್ನಾನ್ ಮಾಮನ ವ್ಯಾನು!” ಎಂದರು ಒಟ್ಟಿಗೆ.

ಗುಡ್ಡದಿಂದ ಬಂದರಿಗೆ ಇಳಿಯುವ ಆ ರಸ್ತೆ ಪೂರ್ತಿ ಕಲ್ಲುಹಾಸು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದರ ಕುಲುಕು ಲೆಕ್ಕಕ್ಕೇ ಇಲ್ಲ, ವ್ಯಾನಿನಲ್ಲಿ ನಿದ್ದೆ ಹೊಡೆಯುತ್ತಾರೆ. ಕೆಂಪು ರಕ್ತಕಣಗಳಿಗೆ ಆ ಅಭ್ಯಾಸವಿಲ್ಲವಲ್ಲ! ಅವು ಒಡೆದು ತಿಳಿಯನ್ನು ಕೆಂಪಾಗಿಸುತ್ತವೆ. ಅವುಗಳ ಹೊಟ್ಟೆಯಲ್ಲೂ ಅದೇ ಮೂರು ಮೈಕ್ರೋ ಆರ್‌ಎನ್‌ಎ ತುಂಬಿರುತ್ತವೆ. ಆರೋಗ್ಯವಂತರು ಬಂದರಿನ ಬಳಿ, ಇದೇ ಕೋಣೆಯಲ್ಲಿ ರಕ್ತ ಕೊಟ್ಟವರು. ರೋಗಿಗಳ ರಕ್ತ ಮಾತ್ರ ರಸ್ತೆ ಇಳಿದು ಬಂದದ್ದು. ಕಣ ಒಡೆದರೆ ಲೆಕ್ಕ ಕೆಡುತ್ತದೆಂದು ಯಾಸ್ನಾ ಓದಿರಲಿಲ್ಲವೇ? ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ತನ್ನೂರಿನ ರಸ್ತೆಯ ಮೇಲೆ ಸಂಶಯಪಡಲು ಮಾತ್ರ ಅವಳಿಗೆ ತೋಚಿರಲಿಲ್ಲ.

ಆದರೂ ಯಂತ್ರ ಹೇಳುವ ತನಕ ಜೀವ ನಿಲ್ಲಬೇಕಲ್ಲ. ಎರಡನೆಯ ಟ್ಯೂಬಿನ ಗೆರೆ ನೆಲ ಕಚ್ಚಿ ಮಲಗಿತ್ತು. ಏಳಲಿಲ್ಲ, ಏಳಲಿಲ್ಲ, ಎಲ್ಲರದ್ದೂ ಎದ್ದ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಿತು. ಯಾಸ್ನಾ ಮುಖ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಬಿಕ್ಕಿದಳು. ಗಾಸ್ಪಾರ್ ಅವಳ ಭುಜ ಮುಟ್ಟಲೋ ಬೇಡವೋ ಎಂದು ಕೈ ಎತ್ತಿ, ಹಾಗೇ ನಿಂತ.

ಬುಧವಾರ ಅವನ ರಕ್ತವನ್ನೂ ಅವಳ ರಕ್ತವನ್ನೂ ವ್ಯಾನಿನಲ್ಲಿ ಗುಡ್ಡ ಹತ್ತಿಸಿ ಇಳಿಸಿ ನೋಡಿದರು. ಎರಡೂ ನಸುಗೆಂಪಾದವು, ಎರಡರ ಗೆರೆಗಳೂ ದಡಬಡ ಎದ್ದವು. ಇನ್ನು ಸಂಶಯವೇ ಉಳಿಯಲಿಲ್ಲ. ಯಾಸ್ನಾ ತಾನೇ ಡಾಕ್ಟರ್ ನೆಲ್ಡಾರ ಬಾಗಿಲು ತಟ್ಟಿದಳು. ಗಾಸ್ಪಾರ್ ಹಿಂದೆ ನಿಂತ.

ಬಿಳಿಗೂದಲಿನ ಆ ಹೆಂಗಸು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

“ಅಷ್ಟು ಜನರ ರಕ್ತ ನೋಡಿದ್ಯಲ್ಲ ಮಗಳೇ. ಗೆರೆ ಎದ್ದಾಗ ಯಾರಾದ್ರೂ ಒಬ್ಬರದ್ದು ಎರಡನೇ ಸಲ ತೆಗೆದು ನೋಡಿದ್ಯಾ?”

“ಇಲ್ಲ ಡಾಕ್ಟ್ರೇ.”

“ಇವನದ್ದು ಮಾತ್ರ ಯಾಕೆ ನೋಡಿದೆ?”

ಯಾಸ್ನಾ ತಲೆ ತಗ್ಗಿಸಿದಳು. ಮುದುಕಿ ಒಮ್ಮೆ ಅವಳನ್ನು, ಒಮ್ಮೆ ಬಾಗಿಲ ಬಳಿಯವನನ್ನು ನೋಡಿದರು.

“ಬಿಡು, ಉತ್ತರ ಸಿಕ್ತು. ಶುಕ್ರವಾರ ಹೋಗಿ ನಾವು ಎಡವಿದ್ವಿ ಅಂತ್ಲೇ ಹೇಳ್ತೀನಿ. ನಾನೂ ಇದೇ ಊರವಳು, ನನಗೂ ಹೊಳೀಲಿಲ್ಲ. ನಿನ್ನ ವೇತನದ ಮಾತು ನಾನು ಕೊಡಲಾರೆ. ಅಲ್ಲೇ ತಿಳಿ ತೆಗೆಯೋಕೆ ಆಸ್ಪತ್ರೆಗೆ ಸೆಂಟ್ರಿಫ್ಯೂಜ್ ಬರೋ ತನಕ ಟ್ಯೂಬು ಕೈಯಲ್ಲಿ ಹಿಡ್ಕೊಂಡು, ಮೆಟ್ಟಿಲಿಳಿದು ತನ್ನಿ. ಮೊದಲಿಂದ ಶುರು ಮಾಡು. ಈ ಸಲ ಎಲ್ಲರನ್ನೂ ಇವನು ಅಂದ್ಕೊಂಡು ನೋಡು.”

ಆ ಮಾತು ಯಾಸ್ನಾಳ ಎದೆಗೇ ನಾಟಿತು.

ಗುರುವಾರ ಬೆಳಿಗ್ಗೆ ಇಬ್ಬರೂ ಗುಡ್ಡದ ಮೆಟ್ಟಿಲು ಇಳಿಯುತ್ತಿದ್ದರು. ಗಾಸ್ಪಾರನ ಬಲಗೈಯಲ್ಲಿ ಪೆಟ್ಟಿಗೆ. ತುಂಬಿದ ಕೊಡ ಹೊತ್ತವನಂತೆ ಹೆಜ್ಜೆ ಇಡುತ್ತಿದ್ದ. ಕೆಳಗೆ ಹಡಗೊಂದು ಕೂಗಿತು.

“ಮೂರರಲ್ಲಿ ಒಂದಾದ್ರೂ ಉಳಿಯುತ್ತಾ?” ಅವನು ಕೇಳಿದ.

“ಗೊತ್ತಿಲ್ಲ. ನೋಡ್ಬೇಕು.” ಗೊತ್ತಿಲ್ಲ ಎನ್ನುವುದು ಅವಳಿಗೆ ಇಷ್ಟು ಹಗುರವಾಗಿ ಎಂದೂ ಅನ್ನಿಸಿರಲಿಲ್ಲ. ನಾಲ್ಕು ಮೆಟ್ಟಿಲಿಳಿದು ನಿಂತಳು. “ಗಾಸ್ಪಾರ್, ನಾನೊಂದು ಹೇಳ್ಲಾ? ನಿನ್ನ ಗೆರೆ ಎದ್ದಾಗ, ನನ್ನ ಕೆಲಸವೆಲ್ಲ ಮಣ್ಣುಗೂಡಲಿ, ಇವನು ಚೆನ್ನಾಗಿರಲಿ ಅಂದ್ಕೊಂಡೆ. ನೀನಂದ್ರೆ ನಂಗೆ ಅಷ್ಟು ಇಷ್ಟ. ನಂಗೂ ಅವತ್ತೇ ಗೊತ್ತಾಗಿದ್ದು.”

ಅವನ ಕಿವಿಯಿಂದ ಹಿಡಿದು ಕುತ್ತಿಗೆಯವರೆಗೂ ಕೆಂಪೇರಿತು. ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕೇಳಿದ.

“ಎರಡನೇ ಟ್ಯೂಬಲ್ಲೂ ಹಾಗೇ ಬಂದಿದ್ರೆ?”

“ಮೂರನೇದು ತೆಗೀತಿದ್ದೆ.”

“ಅದರಲ್ಲೂ ಬಂದಿದ್ರೆ?”

“ನಾಲ್ಕನೇದು. ನೀನು ಚೆನ್ನಾಗಿದ್ದೀಯ ಅಂತ ಬರೋ ತನಕ ಬಿಡ್ತಿರಲಿಲ್ಲ ಕಣೋ.”

ಅವನು ಪೆಟ್ಟಿಗೆಯನ್ನು ಒಂದಿಷ್ಟೂ ಅಲುಗಿಸದೆ ಎಡತೋಳನ್ನು ಅವಳತ್ತ ಚಾಚಿದ. “ಹಾಗಿದ್ರೆ ಇದನ್ನ ನೀನೇ ಇಟ್ಕೋ.”

ಅವಳು ಇಟ್ಟುಕೊಂಡಳು.