ಹಾಲು ಉಕ್ಕಿದ ಚಿತ್ರ

ದಾವಣಗೆರೆಯ ಬಾಡಿಗೆ ಮನೆಗಳನ್ನು ತೋರಿಸುವ ವೆಬ್‌ಸೈಟೊಂದನ್ನು ನಾನು ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಆ್ಯಂಟಿವೈರಸ್ ಒಂದೇ ಒಂದು ಚಿತ್ರವನ್ನು ತಡೆಯತೊಡಗಿತು. ಅದು ಎಸ್.ಎಸ್. ಬಡಾವಣೆಯ ಖಾಲಿ ಮನೆಯೊಂದರ ಅಡುಗೆಮನೆ. ಮೂರು ಸಲ ಹೋಗಿ ಹೊಸದಾಗಿ ಚಿತ್ರ ತೆಗೆದೆ. ಮೂರು ಸಲವೂ ಅಲ್ಲಿ ಸೀದ ಹಾಲಿನ ವಾಸನೆಯಿತ್ತು. ಮೂರು ಚಿತ್ರಗಳನ್ನೂ ಆ್ಯಂಟಿವೈರಸ್ ಅಪಾಯವೆಂದಿತು.

“ನಿಮ್ಮ ಕಂಪ್ಯೂಟರಿಗೆ ನನ್ನ ಮನೀನೇ ಬೇಕಾಗಿತ್ತೇನ್ರಿ?” ಎಂದರು ಮಾಲೀಕ ನಾಗಭೂಷಣ್.

ಸುಳ್ಳು ಎಚ್ಚರಿಕೆ ಇರಬೇಕೆಂದು, ಆ ಮನೆಯ ಪುಟವನ್ನು ಮುಟ್ಟದಂತೆ ಆ್ಯಂಟಿವೈರಸ್‌ಗೆ ಹೇಳಿಟ್ಟೆ. ಹರಿಹರದ ಶಾಂತಲಾ ಕೂಸನ್ನು ಎತ್ತಿಕೊಂಡು ಬಂದು ಮನೆ ಒಪ್ಪಿದಳು.

ಅವಳು ಮನೆ ಸೇರಬೇಕಾದ ಬೆಳಿಗ್ಗೆ ಆ ಪುಟದಲ್ಲಿ ಯಾರೂ ಹಾಕದ ಚಿತ್ರವೊಂದಿತ್ತು. ಅದೇ ಅಡುಗೆಮನೆಯಲ್ಲಿ ಹಸಿರು ಸೀರೆಯ ಶಾಂತಲಾ ಒಬ್ಬಳೇ ಹಾಲು ಉಕ್ಕಿಸುತ್ತಿದ್ದಳು. ಪಾತ್ರೆಯ ಕೆಳಗೆ ಉರಿಯೇ ಇರಲಿಲ್ಲ. ಕೂಸು ಎಲ್ಲೂ ಕಾಣಲಿಲ್ಲ.

ಫೋನ್ ಮಾಡಿದೆ. “ಹಾಲು ಉಕ್ಕಿಸಿದಿಯೇನಮ್ಮ?”

“ಇನ್ನೂ ಹರಿಹರದಾಗೇ ಅದೀನಕ್ಕ. ಸಾಮಾನಿನ ಗಾಡಿ ಮುಂದೆ ಹೋಗೈತೆ.”

“ಯಾವ ಸೀರೆ ಉಟ್ಟೀ?”

“ಹಸಿರು. ಯಾಕಕ್ಕ?”

ಹಿಂದೆ ಕೂಸು ನಗುತ್ತಿತ್ತು.

“ಇವತ್ತು ಬರಬ್ಯಾಡ,” ಎಂದೆ.

“ಮುಹೂರ್ತ ಮೀರತೈತಕ್ಕ,” ಎಂದು ನಕ್ಕು ಫೋನಿಟ್ಟಳು. ಮತ್ತೆ ಎತ್ತಲಿಲ್ಲ.

ಆ ಚಿತ್ರವನ್ನು ಆ್ಯಂಟಿವೈರಸ್ ತಡೆದಿರಲಿಲ್ಲ. ತಡೆಯಬೇಡ ಎಂದವಳು ನಾನೇ.