ಮುನ್ನೂರ ಹನ್ನೆರಡರಲ್ಲಿ ಒಂದು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೇಷ್ಟ್ರ ಹೆಂಡತಿ ಒಂದು ಮೆಮೊರಿ ಕಾರ್ಡನ್ನು ಅವನ ಅಂಗಡಿಯ ಮೇಜಿನ ಮೇಲಿಟ್ಟರು. ಅದರಲ್ಲಿ ಒಂದೂ ಫೋಟೊ ಇರಲಿಲ್ಲ.

"ಮೊಮ್ಮಗಳು ಏನೋ ಒತ್ತಿದಳಪ್ಪಾ, ಎಲ್ಲಾ ಅಳಿಸಿಬಿಟ್ಟಳು" ಎಂದರು. "ನನ್ನನ್ನೂ ಅಳಿಸಿದಳು."

ಮೇಷ್ಟ್ರು ತೀರಿಕೊಂಡು ಏಳು ವಾರವಾಗಿತ್ತು. ಅಳಿಸಿಹೋದ ಫೋಟೊಗಳನ್ನು ಮರಳಿ ತೆಗೆದುಕೊಡುವುದು ಅವನ ಕಸುಬು. ಆದ್ದರಿಂದ ಆಕೆ ಬಂದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ವಿಶೇಷವಿದ್ದದ್ದು ಆಮೇಲಿನ ಮಾತಿನಲ್ಲಿ.

"ಇದರಲ್ಲಿ ಏನಿತ್ತು, ನೀವು ನೋಡಿದ್ರಾ ಅಮ್ಮಾ?"

"ಎಲ್ಲಿ ತೋರಿಸಿದ್ರು? ಒಂದು ಸಂಜೆ ಹೊರಗಿಂದ ಬಂದು 'ಸ್ಪರ್ಧೆಗೆ ಈ ವರ್ಷದ್ದು ಸಿಕ್ತು ಕಣೇ' ಅಂದ್ರು. ತೋರ್ಸಿ ಅಂದ್ರೆ, ಪ್ರದರ್ಶನದ ದಿನ ಎಲ್ಲರ ಜೊತೆ ನೋಡು ಅಂದ್ರು. ಕ್ಯಾಮೆರಾ ನೋಡ್ಕೊಂಡು ಒಬ್ಬರೇ ನಗ್ತಾ ಇದ್ರು. ಬೇರೆ ಯಾರಿಗೂ ತೋರಿಸಿಲ್ಲ. ಅಷ್ಟರಲ್ಲಿ ಹೀಗಾಯ್ತು."

ಪ್ರಯತ್ನ ಮಾಡುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಅವನು ಹೇಳಿದ. ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಅಪರಾಧವೇನೂ ಇರಲಿಲ್ಲ. ಇದ್ದದ್ದು ಹಳೆಯ ಹೊಟ್ಟೆಯುರಿ ಮಾತ್ರ.

ಛಾಯಾಚಿತ್ರ ಸಂಘದ ವಾರ್ಷಿಕ ಸ್ಪರ್ಧೆಯಲ್ಲಿ ಅವನಿಗೆ ಒಂಬತ್ತು ವರ್ಷ ಎರಡನೆಯ ಬಹುಮಾನ ಬಂದಿತ್ತು. ಒಂಬತ್ತೂ ವರ್ಷ ಮೊದಲನೆಯದು ಮೇಷ್ಟ್ರಿಗೆ. ನಾಲ್ಕನೆಯ ವರ್ಷ ಮೇಷ್ಟ್ರು ವೇದಿಕೆಯ ಮೇಲೆ ಅವನ ಬೆನ್ನು ತಟ್ಟಿ "ನಮ್ಮ ದ್ವಿತೀಯ" ಎಂದಿದ್ದರು. ಹೇಳಿದ್ದು ಪ್ರೀತಿಯಿಂದಲೇ. ಹೆಸರು ಮಾತ್ರ ಅಂಟಿಕೊಂಡಿತು. ಸಂಘದ ಕಾರ್ಯದರ್ಶಿ ಈಗ ಅವನಿಗೆ ಕಳಿಸುವ ಕಾಗದಗಳಲ್ಲೂ "ಪ್ರಿಯ ದ್ವಿತೀಯರೇ" ಎಂದು ಬರೆಯುತ್ತಿದ್ದರು. ಮನೆಯ ಷೋಕೇಸಿನಲ್ಲಿ ಒಂಬತ್ತು ಸಣ್ಣ ಕಪ್ಪುಗಳು ಸಾಲಾಗಿ ನಿಂತಿದ್ದವು. ಹೆಂಡತಿ ಅವುಗಳಲ್ಲಿ ಗುಂಡಿ, ಸೂಜಿ ಹಾಕಿಟ್ಟಿದ್ದಳು.

ಕಾರ್ಡಿನ ಕೆಲಸ ಕಷ್ಟವಾಗಲಿಲ್ಲ. ಫೋಟೊ ಅಳಿಸುವುದೆಂದರೆ ಪುಸ್ತಕದ ಪರಿವಿಡಿ ಹರಿದಂತೆ. ಪುಟಗಳು ಅಲ್ಲೇ ಇರುತ್ತವೆ, ಎಲ್ಲಿವೆಯೆಂದು ಹೇಳುವವರು ಇರುವುದಿಲ್ಲ. ಅದರ ಮೇಲೆ ಹೊಸ ಫೋಟೊ ತೆಗೆಯದಿದ್ದರೆ ಹಳೆಯದು ಬರುತ್ತದೆ. ಮೇಷ್ಟ್ರ ಹೆಂಡತಿ ಏನನ್ನೂ ತೆಗೆದಿರಲಿಲ್ಲ. ಮೂರು ಗಂಟೆಯೊಳಗೆ ಮುನ್ನೂರ ಹನ್ನೆರಡು ಫೋಟೊಗಳೂ ಪರದೆಯ ಮೇಲೆ ಬಂದವು. ಮೊಮ್ಮಗಳು, ಬೆಕ್ಕು, ಬಟ್ಟೆ ಒಣಹಾಕುತ್ತಿರುವ ಹೆಂಡತಿ, ಮತ್ತೆ ಹೆಂಡತಿ, ಗದರುತ್ತಿರುವ ಹೆಂಡತಿ, ನಗುತ್ತಿರುವ ಹೆಂಡತಿ. ಇನ್ನೂರ ಎಂಬತ್ತೇಳನೆಯದಕ್ಕೆ ಬಂದಾಗ ಅವನ ಕೈ ನಿಂತಿತು.

ರೈಲು ನಿಲ್ದಾಣ. ಚಾವಣಿಯ ದುರಸ್ತಿಗೆಂದು ತಗಡುಗಳನ್ನು ತೆಗೆದಿದ್ದರು. ಆ ತೆರಪಿನಿಂದ ಸಂಜೆಯ ಬೆಳಕು ಹಲಗೆಯಂತೆ ಇಳಿದು ಪ್ಲಾಟ್‌ಫಾರಮ್ಮಿನ ನಟ್ಟನಡುವೆ ಬಿದ್ದಿತ್ತು. ಸುತ್ತ ಜನ ಓಡುತ್ತಿದ್ದರು, ಎಲ್ಲರೂ ಕದಡಿದ ನೀರಿನಂತೆ ಮಸುಕು. ಬೆಳಕಿನಲ್ಲಿ ಒಬ್ಬನೇ ಒಬ್ಬ ಬೆನ್ನು ಹಾಕಿ ನಿಂತಿದ್ದ, ರೈಲಿಲ್ಲದ ಹಳಿ ನೋಡುತ್ತ. ನೆತ್ತಿಯ ಮೇಲೆ ಅಂಗೈಯಗಲದ ಬೋಳು ಮಿನುಗುತ್ತಿತ್ತು. ಒಂದು ಹೆಗಲು ಇಳಿದಿತ್ತು. ಬಲಗೈ ಹಿಂದಿನಿಂದ ಎಡ ಮೊಣಕೈಯನ್ನು ಹಿಡಿದುಕೊಂಡಿತ್ತು, ತನ್ನನ್ನು ತಾನೇ ಎಲ್ಲಿಗೋ ಕರೆದೊಯ್ಯುವ ಪೊಲೀಸಿನವನಂತೆ.

ಅದು ಮೊದಲ ಬಹುಮಾನದ ಫೋಟೊ. ಒಂಬತ್ತು ವರ್ಷ ಎರಡನೆಯವನಾದವನಿಗೆ ಅದು ನೋಡಿದೊಡನೆ ಗೊತ್ತಾಗುತ್ತದೆ.

ಅವನು ಅವಸರಪಡಲಿಲ್ಲ. ಕೆಡುವುದೆಲ್ಲ ಅವಸರದಲ್ಲೇ ಎಂದು ಗಿರಾಕಿಗಳಿಗೆ ದಿನಾ ಹೇಳುವವನು ಅವನೇ. ಒಂದು ಹಾಳೆ ತೆಗೆದು, ತಾನು ಸಿಕ್ಕಿಬೀಳಬಹುದಾದ ದಾರಿಗಳನ್ನು ಬರೆಯುತ್ತ ಹೋದ.

ಪ್ರತಿ ಫೋಟೊದ ಒಡಲಲ್ಲಿ ಕ್ಯಾಮೆರಾದ ಸಂಖ್ಯೆ, ದಿನಾಂಕ, ಗಂಟೆ ಅಡಗಿರುತ್ತವೆ. ಅವನ್ನು ಕಿತ್ತುಹಾಕಿದ. ನಿಲ್ದಾಣದ ಕಿಟಕಿ ಗಾಜುಗಳನ್ನು ಒಂದೊಂದಾಗಿ ಹಿಗ್ಗಿಸಿ, ಎಲ್ಲಾದರೂ ಮೇಷ್ಟ್ರ ಪ್ರತಿಬಿಂಬವಿದೆಯೇ ಎಂದು ಹುಡುಕಿದ. ಇರಲಿಲ್ಲ. ನೆರಳೂ ಇರಲಿಲ್ಲ.

ನಿಂತ ಮನುಷ್ಯನ ಬಿಳಿ ಅಂಗಿಯ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ದೋಣಿಯಾಕಾರದ ನಸುಗಂದು ಕಲೆಯೊಂದು ಕಂಡಿತು. ಇಲ್ಲಿ ಅವನು ಅರ್ಧ ದಿನ ಕಳೆದ. ಕ್ಯಾಮೆರಾದ ಒಳಗೆ ಧೂಳು ಕೂತಿದ್ದರೆ ಅದು ತೆಗೆದ ಎಲ್ಲ ಫೋಟೊಗಳಲ್ಲೂ ಅದೇ ಜಾಗದಲ್ಲಿ ಕಲೆ ಬೀಳುತ್ತದೆ. ಅದು ಆ ಕ್ಯಾಮೆರಾದ ಹೆಬ್ಬೆಟ್ಟು ಇದ್ದಂತೆ. ಉಳಿದ ಮುನ್ನೂರ ಹನ್ನೊಂದನ್ನೂ ಪಕ್ಕದಲ್ಲಿಟ್ಟು ನೋಡಿದ. ಯಾವುದರಲ್ಲೂ ಆ ಕಲೆಯಿಲ್ಲ. ಎಂದರೆ ಕಲೆ ಕ್ಯಾಮೆರಾದ್ದಲ್ಲ, ಅಂಗಿಯದು. ಯಾವನದೋ ಅಂಗಿ, ಯಾವನದೋ ಕಲೆ. ಹಾಳೆಯಲ್ಲಿ ಆ ಸಾಲನ್ನು ಹೊಡೆದುಹಾಕಿದ.

ಅಲ್ಲಿ ನಿಂತವನೇ ಎಲ್ಲಾದರೂ ಬಂದು ಕೇಳಿದರೆ ಎಂದು, ಆ ಆಳನ್ನೇ ಅಳಿಸಿಬಿಡುವ ಯೋಚನೆಯೂ ಒಮ್ಮೆ ಬಂತು. ಆದರೆ ಚಿತ್ರವನ್ನು ತಿದ್ದಬಾರದು ಎಂಬುದು ಸ್ಪರ್ಧೆಯ ಆರನೆಯ ನಿಯಮ. ಅವನು ನಿಯಮ ಮುರಿಯುವವನಲ್ಲ.

ಉಳಿದದ್ದು ಒಂದೇ ತೊಡಕು. ಚಾವಣಿಯ ತಗಡು ತೆಗೆದಿದ್ದದ್ದು ಒಂದೇ ವಾರ. ನಿಲ್ದಾಣದ ಗಡಿಯಾರ ಚಿತ್ರದಲ್ಲಿ ಐದೂ ಹತ್ತು ತೋರಿಸುತ್ತಿತ್ತು. ನೀನು ಅಲ್ಲಿದ್ದೆಯಾ ಎಂದು ಯಾರಾದರೂ ಕೇಳಬಹುದು. ಕಿತ್ತುಹಾಕುವ ಮೊದಲು ದಿನಾಂಕವನ್ನು ಬರೆದಿಟ್ಟುಕೊಂಡಿದ್ದ. ಅಂಗಡಿಯ ದಿನಚರಿ ತೆಗೆದು ನೋಡಿದ. ಅವನದೇ ಕೈಬರಹ: "ಬುಧವಾರ. ಸಂಜೆ ನಾಲ್ಕೂವರೆಯಿಂದ ಆರು, ರೈಲು ನಿಲ್ದಾಣ, ಪಾರ್ಸೆಲ್." ಹಾರ್ಡ್ ಡಿಸ್ಕುಗಳ ಪೆಟ್ಟಿಗೆ ಬಿಡಿಸಿಕೊಳ್ಳಲು ಹೋಗಿದ್ದ. ಗಾಡಿ ತಡವಾಗಿ, ಒಂದು ಗಂಟೆ ಪ್ಲಾಟ್‌ಫಾರಮ್ಮಿನಲ್ಲೇ ಕಾಯಬೇಕಾಗಿತ್ತು. ಪಾರ್ಸೆಲ್ ಕಚೇರಿಯ ಪುಸ್ತಕದಲ್ಲಿ ಅವನ ಸಹಿಯಿತ್ತು.

ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು. ಸುಳ್ಳಿಗೆ ಇಷ್ಟು ಗಟ್ಟಿಯಾದ ನಿಜದ ಸಾಕ್ಷಿ ಸಿಕ್ಕುವುದು ಅಪರೂಪ.

ಆಮೇಲೆ ಒಂದನ್ನು ಇಟ್ಟುಕೊಂಡು, ಮುನ್ನೂರ ಹನ್ನೊಂದನ್ನೂ ಕಂಪ್ಯೂಟರಿನಿಂದ ತೆಗೆದ. ಹಳೆಯದು ಮತ್ತೆಂದೂ ಬಾರದಂತೆ ಕಾರ್ಡಿನ ಉದ್ದಗಲಕ್ಕೂ ಸೊನ್ನೆಗಳನ್ನು ಏಳು ಸಲ ಬರೆದ. ಒಂದು ಸಲ ಸಾಕಾಗುತ್ತಿತ್ತು. ತನಗಿಂತ ಜಾಣ ಯಾರಾದರೂ ಇದ್ದರೆ ಎಂದು ಏಳು.

ಮೇಷ್ಟ್ರ ಹೆಂಡತಿ ಹೇಳಿದ ದಿನಕ್ಕೆ ಬಂದರು.

"ಬರಲಿಲ್ಲ ಅಮ್ಮಾ. ಕಾರ್ಡೇ ಸತ್ತುಹೋಗಿದೆ."

ಆಕೆ ಕಾರ್ಡನ್ನು ಅಂಗೈಯಲ್ಲಿಟ್ಟು ನೋಡಿದರು. "ಒಂದೂ ಇಲ್ವಾ? ಬೆಕ್ಕಿಂದಾದ್ರೂ?"

"ಒಂದೂ ಇಲ್ಲ." ಅಭ್ಯಾಸಬಲದಿಂದ ಅಂಗಡಿಯ ಕರಪತ್ರವನ್ನೂ ಕೊಟ್ಟ. "ಇನ್ನು ಮುಂದೆ ಹೀಗೆ ಆಗಬಾರದು ಅಂದ್ರೆ ಮೂರು ಪ್ರತಿ ಇಟ್ಕೋಬೇಕು. ಎರಡು ಬೇರೆ ಬೇರೆ ಕಡೆ, ಒಂದು ಮನೆಯಿಂದ ಹೊರಗೆ, ನಂಬಿಕಸ್ಥರ ಹತ್ರ."

"ನಂಬಿಕಸ್ಥರು ಅಂದ್ರೆ ನೀನೇ ಅಲ್ವೇನಪ್ಪಾ" ಎಂದು ಆಕೆ ಕರಪತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು.

ಸ್ಪರ್ಧೆಯ ಅರ್ಜಿಯನ್ನು ಅವನು ದುಂಡಗಿನ ಅಕ್ಷರದಲ್ಲಿ ತುಂಬಿದ. "ಚಿತ್ರ ತೆಗೆದ ಬಗೆ" ಎಂಬ ಕಡೆ ಹೀಗೆ ಬರೆದ: "ಮೇಲ್ಸೇತುವೆಯ ಮೂರನೆಯ ಮೆಟ್ಟಿಲಿನಲ್ಲಿ ನಿಂತು, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಕಣ್ಣಿಟ್ಟು ತೆಗೆದದ್ದು. ಸ್ಟ್ಯಾಂಡ್, ಟೈಮರ್ ಯಾವುದನ್ನೂ ಬಳಸಿಲ್ಲ. ಯಾರ ನೆರವೂ ಇಲ್ಲ." ಕೊನೆಯ ವಾಕ್ಯ ಅವನಿಗೆ ಹಿಡಿಸಿತು.

ಮೂರು ವಾರಕ್ಕೆ ಕಾರ್ಯದರ್ಶಿಯ ಕಾಗದ ಬಂತು. ಈ ಸಲ "ಪ್ರಿಯ ಪ್ರಥಮರೇ" ಎಂದಿತ್ತು.

ಸಮಾರಂಭದ ದಿನ ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಕಚೇರಿ, ಮದುವೆ, ಪಾರ್ಸೆಲ್ ಕೌಂಟರ್, ಹೀಗೆ ಮರ್ಯಾದೆ ಬೇಕಾಗುವ ಕಡೆಗೆಲ್ಲ ಅವನಿಗಿದ್ದದ್ದು ಅದೊಂದೇ ಅಂಗಿ.

"ಮೇಲೆ ಕೋಟು ಹಾಕ್ಕೊಳ್ಳಿ" ಎಂದಳು.

"ಈ ಸೆಖೆಗೆ ಕೋಟಾ?"

"ವೇದಿಕೆ ಹತ್ತೋರು ನೀವು. ನಾಲ್ಕು ಜನ ನೋಡ್ತಾರೆ."

"ನೋಡಲಿ ಬಿಡು. ಒಂಬತ್ತು ವರ್ಷದಿಂದ ಅದಕ್ಕೇ ಕಾಯ್ತಾ ಇದೀನಿ."

ಅವಳು ಅಂಗಿಯನ್ನು ಹಿಂದಿನಿಂದ ಹಿಡಿದು ತೊಡಿಸಿದಳು. ಅವನು ಕನ್ನಡಿಯ ಮುಂದೆ ನಿಂತು ಮುಂಗೂದಲನ್ನು ನೀಟಾಗಿ ಬಾಚಿಕೊಂಡ. ಮುಂದೆ ಕೂದಲು ದಟ್ಟವಾಗಿಯೇ ಇತ್ತು.

ಸಭೆಯಲ್ಲಿ ಇನ್ನೂರು ಜನರಿದ್ದರು. ಮೇಷ್ಟ್ರ ನೆನಪಿಗೆ ಒಂದು ನಿಮಿಷ ಮೌನ ಆಚರಿಸಿದರು. ಅವನೂ ಎದ್ದು ನಿಂತ. ಮೇಷ್ಟ್ರ ಹೆಂಡತಿ ಎರಡನೆಯ ಸಾಲಿನಲ್ಲಿ ಅವನ ಹೆಂಡತಿಯ ಪಕ್ಕವೇ ಕೂತಿದ್ದರು. ವೇದಿಕೆಯ ಹಿಂಬದಿಯ ಗೋಡೆಗೆ ಆಳೆತ್ತರದ ಪ್ರತಿ ಮಾಡಿಸಿ ನೇತುಹಾಕಿ, ಬಟ್ಟೆ ಮುಚ್ಚಿದ್ದರು. ತೀರ್ಪುಗಾರರು ಮಾತಾಡಿದರು. "ಇಡೀ ಚಿತ್ರ ಇರುವುದು ಆ ಬೆನ್ನಿನಲ್ಲಿ. ಮುಖ ಕಾಣದೆಯೇ ಆ ಮನುಷ್ಯನ ಪೂರ್ತಿ ಬದುಕು ಗೊತ್ತಾಗುತ್ತದೆ. ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ ಬಿದ್ದವನು" ಎಂದರು.

ಅವನು ಮೈಕಿನ ಮುಂದೆ ಬಂದು, ಮನೆಯಲ್ಲಿ ತಯಾರು ಮಾಡಿಕೊಂಡಿದ್ದ ಮಾತನ್ನು ಹೇಳಿದ. "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಎದುರಿಗೆ ಬಂದರೂ ಗುರುತು ಸಿಕ್ಕಲಾರದು." ಚಪ್ಪಾಳೆ ಬಿತ್ತು.

ಚಿತ್ರ ಅನಾವರಣ ಮಾಡಬೇಕೆಂದು ಕಾರ್ಯದರ್ಶಿ ಕೇಳಿಕೊಂಡರು. ಅವನು ಸಭೆಗೆ ಬೆನ್ನು ಹಾಕಿ ಬಟ್ಟೆಯನ್ನು ಎಳೆದ. ಎರಡು ಹೆಜ್ಜೆ ಹಿಂದೆ ಸರಿದ. ಸಂತೋಷವಾದಾಗಲೂ ಬೇಸರವಾದಾಗಲೂ ತನಗರಿವಿಲ್ಲದೆ ಮಾಡುವಂತೆ ಬಲಗೈಯಿಂದ ಎಡ ಮೊಣಕೈಯನ್ನು ಹಿಂದಿನಿಂದ ಹಿಡಿದುಕೊಂಡು ಚಿತ್ರವನ್ನು ನೋಡುತ್ತ ನಿಂತ. ಇನ್ನೂರು ಜನರಿಗೆ ಎರಡು ಬೆನ್ನುಗಳು ಕಂಡವು, ಒಂದು ಗೋಡೆಯ ಮೇಲೆ, ಒಂದು ಅದರ ಮುಂದೆ. ಎರಡರ ನೆತ್ತಿಯೂ ಅಂಗೈಯಗಲ ಬೋಳು. ಎರಡಕ್ಕೂ ಒಂದೇ ಕಡೆಯ ಹೆಗಲು ಇಳಿದಿತ್ತು. ಎರಡೂ ಅಂಗಿಗಳ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ದೋಣಿಯಾಕಾರದ ನಸುಗಂದು ಕಲೆ. "ಅಯ್ಯೋ, ಇವರೇ ಇದು" ಎಂದು ಅವನ ಹೆಂಡತಿ ಪಕ್ಕದವರಿಗೆ ಹೇಳಿದಳು. "ಆ ಕಲೆ ಇಸ್ತ್ರಿ ಪೆಟ್ಟಿಗೆಯಲ್ಲಿ ನಾನೇ ಸುಟ್ಟಿದ್ದು ಅಮ್ಮಾ. ಬೈತಾರೆ ಅಂತ ಹೇಳಿರ್ಲಿಲ್ಲ. ನೆತ್ತಿ ವಿಷಯಾನೂ ಹೇಳಿಲ್ಲ, ಬೇಜಾರು ಮಾಡ್ಕೋತಾರೆ ಅಂತ." ಮೇಷ್ಟ್ರ ಹೆಂಡತಿ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ತೆಗೆದವರು ಯಾರಮ್ಮಾ?" ಎಂದು ಕೇಳಿದರು. ಸಭೆ ನಿಶ್ಶಬ್ದವಾಗಿದ್ದರಿಂದ ಅದು ಎಲ್ಲರಿಗೂ ಕೇಳಿಸಿತು. ಕಾರ್ಯದರ್ಶಿ ಅರ್ಜಿ ತರಿಸಿ "ಚಿತ್ರ ತೆಗೆದ ಬಗೆ" ಎಂಬ ಭಾಗವನ್ನು ಮೈಕಿನಲ್ಲಿ ಕೊನೆಯ ವಾಕ್ಯದವರೆಗೂ ಓದಿದರು. ಮೇಷ್ಟ್ರ ಕಾರ್ಡು ನಾಲ್ಕು ದಿನ ಯಾರ ಬಳಿಯಿತ್ತೆಂದು ಅವರ ಹೆಂಡತಿ ಹೇಳಿದರು. ಆ ಚಿತ್ರ ಈಗ ಮೇಷ್ಟ್ರ ಮನೆಯ ಪಡಸಾಲೆಯಲ್ಲಿದೆ. ಕಾರ್ಡನ್ನು ಬೇರೆ ಮೂರು ಕಡೆ ಪರೀಕ್ಷೆ ಮಾಡಿಸಿದರು. ಉಳಿದ ಮುನ್ನೂರ ಹನ್ನೊಂದು ಫೋಟೊಗಳಲ್ಲಿ ಒಂದೂ ಬರಲಿಲ್ಲ.